ಸಹಜ ಹೆರಿಗೆ, ಸಿಸೇರಿಯನ್ ಹೆರಿಗೆ: ಬಾಣಂತನದಲ್ಲಿ ತಿಳಿದಿರಬೇಕಾದ ಭೇದ

ಪ್ರಸವವಾದ ಮನೆಯಲ್ಲಿ ಮೊದಲು ಕೇಳಿಬರುವ ಪ್ರಶ್ನೆಗಳು ಎರಡು. ಮಗು ಗಂಡೋ ಹೆಣ್ಣೋ ಎಂಬುದೊಂದು. ಹೆರಿಗೆ ಸಹಜವೋ ಸಿಸೇರಿಯನ್ನೋ ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಯ ಉತ್ತರದ ಮೇಲೆ ತಾಯಿಯ ಆರೈಕೆ ನಿರ್ಧಾರವಾಗುವುದನ್ನು ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ನೋಡುತ್ತ ಬಂದಿದ್ದೇನೆ. ಸಹಜವಾಗಿ ಹೆತ್ತವಳು ‘ಗಟ್ಟಿಗಿತ್ತಿ’ಯೆನಿಸಿಕೊಂಡು ಹದಿನೈದು ದಿನಕ್ಕೇ ನೀರು ಹೊರಲು ನಿಲ್ಲುತ್ತಾಳೆ. ಶಸ್ತ್ರಕ್ರಿಯೆಯಾದವಳು ‘ಹೆರಿಗೆನೋವನ್ನೇ ಕಾಣದವಳು’ ಎಂಬ ಮಾತು ಕೇಳುತ್ತಾಳೆ. ಇಬ್ಬರಿಗೂ ಅನ್ಯಾಯವೇ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 24 ಸಿಸೇರಿಯನ್ ಆಗಿದ್ದವು. 2019-21ರ ವೇಳೆಗೆ ಅವು 31ನ್ನು ದಾಟಿದವು. ಇವುಗಳಲ್ಲಿ ಎಷ್ಟು ಅನಿವಾರ್ಯವಾಗಿದ್ದವು ಎಂಬುದು ಬೇರೆಯೇ ಚರ್ಚೆ. ನಮ್ಮ ಮನೆಗಳ ಬಾಣಂತನದ ಪದ್ಧತಿ ಮಾತ್ರ ಸಹಜ ಹೆರಿಗೆಯನ್ನಷ್ಟೇ ಕಂಡು ರೂಪುಗೊಂಡದ್ದು. ಅದನ್ನೇ ಹೊಟ್ಟೆಯಲ್ಲಿ ಗಾಯವಿರುವವಳಿಗೂ ಯಥಾವತ್ತಾಗಿ ಅನ್ವಯಿಸಿದಾಗ ತೊಂದರೆ ಆರಂಭವಾಗುತ್ತದೆ.

ಎರಡು ಬಗೆಯ ಹೆರಿಗೆಗಳಿಗೂ ಸಮಾನವಾದದ್ದನ್ನು ಮೊದಲು ನೋಡೋಣ. ಹೆರಿಗೆಯಾದ ಕೂಡಲೇ ಸುಮಾರು ಒಂದು ಕಿಲೋಗ್ರಾಂ ತೂಗುವ ಗರ್ಭಾಶಯ ಹೊಕ್ಕುಳಿನ ಮಟ್ಟದಲ್ಲಿರುತ್ತದೆ. ಎರಡು ವಾರಗಳಲ್ಲಿ ಅದು ಕಟಿಯೊಳಗೆ ಇಳಿದು, ಆರು ವಾರಗಳ ಹೊತ್ತಿಗೆ 60-70 ಗ್ರಾಂಗೆ ಬರುತ್ತದೆ. ಮೊದಲ ಮೂರು ನಾಲ್ಕು ದಿನ ಕೆಂಪಾಗಿರುವ ಸ್ರಾವ ಕ್ರಮೇಣ ತಿಳಿಯಾಗಿ, ಬಿಳಿಚಿಕೊಂಡು, ನಾಲ್ಕರಿಂದ ಆರು ವಾರಗಳಲ್ಲಿ ನಿಲ್ಲುತ್ತದೆ. ಸುಶ್ರುತಾಚಾರ್ಯರು ಸೂತಿಕಾ ಕಾಲವನ್ನು ಒಂದೂವರೆ ತಿಂಗಳೆಂದು ಹೇಳಿರುವುದಕ್ಕೂ ಇಂದಿನ ವೈದ್ಯರು ಹೇಳುವ ಆರು ವಾರಗಳಿಗೂ ಅಂತರವಿಲ್ಲವೆಂಬುದು ಗಮನಾರ್ಹ. ಮಗು ಮೊಲೆಯುಣ್ಣುವಾಗ ಕಿಬ್ಬೊಟ್ಟೆಯಲ್ಲಿ ಹಿಂಡಿದಂತಾಗುವ ನೋವು ಎರಡೂ ಬಗೆಯ ಬಾಣಂತಿಯರಿಗೆ ಉಂಟು. ಎರಡನೆಯ, ಮೂರನೆಯ ಹೆರಿಗೆಯಲ್ಲಿ ಅದು ಹೆಚ್ಚು. ಪ್ರಸವಾನಂತರದ ಇಂಥ ಶೂಲೆಯನ್ನು ನಮ್ಮ ಗ್ರಂಥಗಳು ‘ಮಕ್ಕಲ್ಲ’ ಎಂದು ಕರೆದಿವೆ. ಗರ್ಭಾಶಯ ಕುಗ್ಗುವುದರಿಂದ ಬರುವ ಈ ನೋವಿಗೆ ಹೆದರಿ ಹಾಲುಣಿಸುವುದನ್ನು ನಿಲ್ಲಿಸಬಾರದು.

ಸಹಜ ಹೆರಿಗೆಯಲ್ಲಿ ತಾಯಿ ಕೆಲವೇ ಗಂಟೆಗಳಲ್ಲಿ ಎದ್ದು ನಡೆಯುತ್ತಾಳೆ; ಹಾಲೂ ಬೇಗ ಇಳಿಯುತ್ತದೆ. ಆದರೆ ಯೋನಿದ್ವಾರದ ಬಳಿಯ ಸೀಳು ಮತ್ತು ಹೊಲಿಗೆಯ ವಿಷಯವನ್ನು ಹೆಣ್ಣುಮಕ್ಕಳು ಸಂಕೋಚದಿಂದ ಯಾರಲ್ಲೂ ಹೇಳುವುದಿಲ್ಲ. ಸಾಮಾನ್ಯ ಹೊಲಿಗೆ ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ದಿನಕ್ಕೆರಡು ಬಾರಿ ಉಗುರುಬೆಚ್ಚಗಿನ ನೀರಿನ ಅಗಲ ಪಾತ್ರೆಯಲ್ಲಿ ಹತ್ತು ನಿಮಿಷ ಕುಳಿತು, ನಂತರ ಒಣಗಿಸಿಕೊಂಡರೆ ನೋವು ಶಮನವಾಗುತ್ತದೆ. ಸೀಳು ಗುದದ ಸ್ನಾಯುವಿನವರೆಗೆ ಹೋಗಿದ್ದರೆ ಮಾತ್ರ ಕಥೆಯೇ ಬೇರೆ. ಅಪಾನವಾಯುವಿನ ಮೇಲೆ, ಮಲದ ಮೇಲೆ ಹಿಡಿತ ತಪ್ಪಬಹುದು. ಕೆಮ್ಮಿದರೆ ಮೂತ್ರ ಸೋರುವುದು, ಮುಂದೆ ಗರ್ಭಾಶಯ ಜಾರುವುದು ಸಹ ಸಹಜ ಹೆರಿಗೆಯಾದವರಲ್ಲೇ ಹೆಚ್ಚು. ಇಂಥವಳಿಗೆ ಹದಿನೈದನೇ ದಿನ ತುಂಬಿದ ಕೊಡ ಹೊರಿಸಿದರೆ, ಅದರ ಫಲ ನಲವತ್ತರ ವಯಸ್ಸಿನಲ್ಲಿ ಕಾಣಿಸಿಕೊಂಡೀತು.

ಇನ್ನು ಸಿಸೇರಿಯನ್. ಇದೊಂದು ದೊಡ್ಡ ಉದರಶಸ್ತ್ರಕ್ರಿಯೆ. ಚರ್ಮ, ಮೇದಸ್ಸು, ಸ್ನಾಯುಗಳ ಮೇಲಿನ ಗಟ್ಟಿಪೊರೆ, ಉದರದ ಒಳಪೊರೆ, ಅದರಾಚೆ ಗರ್ಭಾಶಯದ ಭಿತ್ತಿ, ಇಷ್ಟನ್ನೂ ದಾಟಿ ಮಗುವನ್ನು ತೆಗೆಯಬೇಕು. ರಕ್ತನಷ್ಟವೂ ಸಾಮಾನ್ಯವಾಗಿ ಸಹಜ ಹೆರಿಗೆಗಿಂತ ಹೆಚ್ಚು. ಹೊರಗಿನ ಗಾಯ ಏಳರಿಂದ ಹತ್ತು ದಿನಗಳಲ್ಲಿ ಕೂಡಿಕೊಂಡಾಗ ಮನೆಯವರು ‘ಮಾಯಿತು’ ಎನ್ನುತ್ತಾರೆ. ಆದರೆ ಒಳಗಿನ ಗಟ್ಟಿಪೊರೆ ತನ್ನ ಬಲವನ್ನು ಬಹುಪಾಲು ಮರಳಿ ಪಡೆಯಲು ತಿಂಗಳುಗಳೇ ಬೇಕು. ಆದ್ದರಿಂದಲೇ ಆರು ವಾರಗಳವರೆಗೆ ಮಗುವಿಗಿಂತ ಭಾರವಾದದ್ದನ್ನು ಎತ್ತಬಾರದೆಂಬ ನಿಯಮ. ಹಾಸಿಗೆಯಿಂದ ನೇರವಾಗಿ ಏಳದೆ, ಪಕ್ಕಕ್ಕೆ ಹೊರಳಿ, ಕೈಯೂರಿ ಏಳಬೇಕು. ಕೆಮ್ಮುವಾಗ, ನಗುವಾಗ ಗಾಯದ ಮೇಲೆ ಸಣ್ಣ ದಿಂಬನ್ನು ಒತ್ತಿ ಹಿಡಿದುಕೊಳ್ಳಬೇಕು. ಹಾಗೆಂದು ಮಲಗಿಯೇ ಇರಲೂ ಆಗದು. ಹೆರಿಗೆಯಾದ ಮೇಲೆ ಕೆಲವು ವಾರ ಸ್ತ್ರೀಯ ರಕ್ತಕ್ಕೆ ಹೆಪ್ಪುಗಟ್ಟುವ ಸ್ವಭಾವ ಅಧಿಕವಾಗಿರುತ್ತದೆ. ಶಸ್ತ್ರಕ್ರಿಯೆಯಿಂದ ಅದು ಮತ್ತಷ್ಟು ಹೆಚ್ಚುತ್ತದೆ. ವೈದ್ಯರು ಮರುದಿನವೇ ನಡೆಸುವುದು ಈ ಕಾರಣಕ್ಕೆ, ನಿರ್ದಯೆಯಿಂದಲ್ಲ. ಬೆನ್ನಿಗೆ ಕೊಟ್ಟ ಸೂಜಿಯಿಂದ ಜೀವಮಾನವಿಡೀ ಸೊಂಟನೋವು ಬರುವುದೆಂಬ ನಂಬಿಕೆಗೂ ಆಧಾರವಿಲ್ಲ. ಬಗ್ಗಿ ಹಾಲುಣಿಸುವ ಭಂಗಿ, ಸಡಿಲಗೊಂಡ ಹೊಟ್ಟೆಯ ಸ್ನಾಯುಗಳು ಇವೇ ಆ ನೋವಿಗೆ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ.

ಆಹಾರದ ವಿಷಯದಲ್ಲಿ ಚರಕಾಚಾರ್ಯರ ಒಂದು ಸೂಕ್ಷ್ಮವನ್ನು ನಾವು ಮರೆತಿದ್ದೇವೆ. ಸೂತಿಕೆಗೆ ಹಿಪ್ಪಲಿ, ಶುಂಠಿ ಮೊದಲಾದವುಗಳ ಚೂರ್ಣದೊಡನೆ ಸ್ನೇಹಪಾನವನ್ನು ವಿಧಿಸುವ ಅವರು, ಅವಳಿಗೆ ಹಸಿವಾಗಿದೆಯೆಂದು ತಿಳಿದ ಬಳಿಕವೇ ಕೊಡಬೇಕೆನ್ನುತ್ತಾರೆ. ಸ್ನೇಹ ಜೀರ್ಣವಾದ ಮೇಲೆ ಗಂಜಿ. ಅಗ್ನಿ ಮೊದಲು, ತುಪ್ಪ ಆಮೇಲೆ. ಶಸ್ತ್ರಕ್ರಿಯೆಯಾದವಳ ಕರುಳಿನ ಚಲನೆ ಮಂದವಾಗಿರುವ ಮೊದಲ ದಿನಗಳಲ್ಲೇ ಅಂಟಿನುಂಡೆ, ಕೊಬ್ಬರಿ, ತುಪ್ಪ ತಿನ್ನಿಸಿದರೆ ಹೊಟ್ಟೆಯುಬ್ಬರ, ಮಲಬದ್ಧತೆ ತಪ್ಪಿದ್ದಲ್ಲ. ತಿಣುಕಿದಷ್ಟೂ ಹೊಲಿಗೆಗೆ ನೋವು. ಆಸ್ಪತ್ರೆಯವರು ಅನುಮತಿಸಿದಂತೆ ಗಂಜಿ, ಮೆತ್ತಗಿನ ಅನ್ನ, ಹೆಸರುಬೇಳೆಯ ಕಟ್ಟಿನಿಂದ ಆರಂಭಿಸಿ, ಹಸಿವು ಚೆನ್ನಾಗಿ ಆದಮೇಲೆ ಅಳವಿ ಪಾಯಸ, ಮೆಂತ್ಯದುಂಡೆ ಕೊಡಲಡ್ಡಿಯಿಲ್ಲ. ಸಬ್ಬಸಿಗೆ, ನುಗ್ಗೆಸೊಪ್ಪು ಇಬ್ಬರಿಗೂ ಹಿತ. ಬಿಳಿಯ ಪಾಲಿಶ್ ಅಕ್ಕಿಯ ಅನ್ನ, ಮೆಣಸಿನ ಸಾರು ಇಷ್ಟರಲ್ಲೇ ತಿಂಗಳುಗಟ್ಟಲೆ ಇಡುವ ಪಥ್ಯವನ್ನು ನಾನು ಒಪ್ಪಲಾರೆ. ಅದರಿಂದ ತಾಯಿಯಲ್ಲಿ ಥಯಾಮಿನ್ ಎಂಬ ಜೀವಸತ್ವದ ಕೊರತೆಯುಂಟಾಗಿ, ಎದೆಹಾಲುಣ್ಣುವ ಮಗುವಿನ ಹೃದಯಕ್ಕೆ ಅಪಾಯವಾದದ್ದು ನಮ್ಮ ರಾಜ್ಯದಲ್ಲೇ ವರದಿಯಾಗಿದೆ. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರ 180 ದಿನ ತಪ್ಪದೆ ಸೇವಿಸಬೇಕು.

ನೀರಿನ ಮಾತನ್ನು ಬೇರೆಯಾಗಿಯೇ ಹೇಳಬೇಕು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಕೀವಾಗುತ್ತದೆ ಎಂದು ದಿನಕ್ಕೆ ಒಂದೆರಡು ಲೋಟವಷ್ಟೇ ಕೊಡುವ ಮನೆಗಳು ಇಂದಿಗೂ ಇವೆ. ಯಾವ ಸಂಹಿತೆಯ ಹೆಸರಿನಲ್ಲಿಯೂ ಈ ಪದ್ಧತಿಯನ್ನು ಸಮರ್ಥಿಸಲಾಗದು. ಹೆಪ್ಪುಗಟ್ಟುವ ಸ್ವಭಾವದ ರಕ್ತ, ರಕ್ತಹೀನತೆ, ಜೊತೆಗೆ ನೀರಿನ ಕೊರತೆ ಕೂಡಿದರೆ ಮೆದುಳಿನ ಸಿರೆಗಳಲ್ಲಿ ರಕ್ತ ಗರಣೆಗಟ್ಟಬಹುದು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಾಣಂತಿಯರ ಈ ವ್ಯಾಧಿಯನ್ನು ದಶಕಗಳಿಂದ ಅಭ್ಯಸಿಸಿದ್ದಾರೆ. ವಿಪರೀತ ತಲೆನೋವು, ವಾಂತಿ, ಅಪಸ್ಮಾರ, ಕೈಕಾಲಿನ ಬಲಹೀನತೆ ಅದರ ಲಕ್ಷಣಗಳು. ಹಳ್ಳಿಗಳಲ್ಲಿ ಇದನ್ನೂ ‘ಬಾಣಂತಿ ಸನ್ನಿ’ ಎಂದು ತಿಳಿದು ಹೊತ್ತು ಕಳೆಯುವುದುಂಟು. ಕಾಯಿಸಿ ಆರಿಸಿದ ನೀರು, ಜೀರಿಗೆ ನೀರು, ಗಂಜಿ ಎಲ್ಲ ಸೇರಿ ದಿನಕ್ಕೆ ಎರಡೂವರೆ ಮೂರು ಲೀಟರ್ ದ್ರವ ಹಾಲುಣಿಸುವ ತಾಯಿಗೆ ಅವಶ್ಯ. ವೈದ್ಯರು ಬೇರೆ ಕಾರಣದಿಂದ ಮಿತಿ ಹೇಳಿದ್ದರೆ ಮಾತ್ರ ವಿನಾಯಿತಿ.

ಅಭ್ಯಂಗವನ್ನು ಸಹಜ ಹೆರಿಗೆಯಾದವಳಿಗೆ ಬಲಾತೈಲದಿಂದಲೋ ಎಳ್ಳೆಣ್ಣೆಯಿಂದಲೋ ಎರಡು ಮೂರು ದಿನಗಳಾದ ಮೇಲೆ ಹಗುರವಾಗಿ ಮಾಡಬಹುದು. ಸಿಸೇರಿಯನ್ ಆದವಳಿಗೆ ಕೈಕಾಲು, ಬೆನ್ನು, ಭುಜಗಳಿಗೆ ಮಾತ್ರ. ಹೊಟ್ಟೆಯನ್ನು ಆರು ವಾರ ಮುಟ್ಟಕೂಡದು. ಗಾಯಕ್ಕೆ ಎಣ್ಣೆ, ಅರಿಸಿನ, ಬೂದಿ ಯಾವುದನ್ನೂ ಹಚ್ಚಬಾರದು. ಹಂಡೆಗಟ್ಟಲೆ ಸುಡುನೀರನ್ನು ಎತ್ತರದಿಂದ ಹೊಟ್ಟೆಗೆ ರಾಚುವುದು ಅವಳಿಗೆ ನಿಷಿದ್ಧ. ಹೊಟ್ಟೆಗೆ ಬಟ್ಟೆ ಸುತ್ತುವುದನ್ನು ಚರಕರೇ ಹೇಳಿದ್ದಾರೆ. ಆದರೆ ಅದು ಆಧಾರಕ್ಕಾಗಿಯೇ ಹೊರತು ಉಸಿರು ಕಟ್ಟುವಂತೆ ಬಿಗಿಯಲಿಕ್ಕಲ್ಲ. ಬಿಗಿದಷ್ಟೂ ಒತ್ತಡ ಕೆಳಗಿನ ಸ್ನಾಯುಗಳ ಮೇಲೆ ಬೀಳುತ್ತದೆ. ಹೊರಸಿನ ಕೆಳಗೆ ಕೆಂಡವಿಟ್ಟು ಬಾಗಿಲು ಕಿಟಕಿ ಮುಚ್ಚುವುದಂತೂ ತಾಯಿ ಮಗು ಇಬ್ಬರ ಪ್ರಾಣಕ್ಕೂ ಕುತ್ತು; ಆ ಹೊಗೆಯ ವಿಷಾನಿಲಕ್ಕೆ ವಾಸನೆಯೇ ಇಲ್ಲ.

ಒಂದು ಗಂಟೆಯಲ್ಲಿ ಒಂದು ಪ್ಯಾಡ್ ಪೂರ್ಣ ತೊಯ್ಯುವ ರಕ್ತಸ್ರಾವ, ಜ್ವರ, ದುರ್ಗಂಧದ ಸ್ರಾವ, ಗಾಯದಿಂದ ಕೀವು, ಒಂದೇ ಕಾಲಿನ ಮೀನಖಂಡದಲ್ಲಿ ಊತ, ಏದುಸಿರು, ತಲೆನೋವಿನೊಡನೆ ಕಣ್ಣು ಮಂಜಾಗುವುದು: ಇವುಗಳಲ್ಲಿ ಒಂದು ಕಂಡರೂ ಕಷಾಯ ಕಾಯಿಸುತ್ತ ಕೂರದೆ 108ಕ್ಕೆ ಕರೆಮಾಡಿರಿ. ಎರಡು ವಾರ ಕಳೆದರೂ ನಿಲ್ಲದ ಅಳು, ಮಗುವಿನಲ್ಲಿ ನಿರಾಸಕ್ತಿ, ನಿದ್ರಾನಾಶಗಳಿದ್ದರೆ ಅದಕ್ಕೂ ವೈದ್ಯರು ಬೇಕು.

ಮುಂದಿನ ಗರ್ಭದ ವಿಷಯವನ್ನು ಮನೆಗೆ ಮರಳುವ ಮುನ್ನವೇ ದಂಪತಿಗಳು ವೈದ್ಯರೊಡನೆ ಮಾತನಾಡಿಕೊಳ್ಳುವುದು ಒಳಿತು. ಹೆರಿಗೆ ಯಾವುದೇ ಆಗಿರಲಿ, ಎರಡು ವರ್ಷಗಳ ಅಂತರ ಬೇಕು. ಸಿಸೇರಿಯನ್ ಆದವಳಿಗೆ ಗರ್ಭಾಶಯದ ಕಲೆ ಬಿರಿಯುವ ಭಯವಿರುವುದರಿಂದ ಇದು ಇನ್ನೂ ಮುಖ್ಯ. ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಅದೇ ಎಂಬ ಕಟ್ಟಳೆಯೇನಿಲ್ಲ. ಕಾರಣ ಮರುಕಳಿಸದಿದ್ದರೆ, ಸುಸಜ್ಜಿತ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ ಪ್ರಯತ್ನಿಸಿದವರಲ್ಲಿ ನೂರಕ್ಕೆ 60ರಿಂದ 80 ಮಂದಿ ಸಫಲರಾಗುತ್ತಾರೆ. ಮೊದಲ ಶಸ್ತ್ರಕ್ರಿಯೆ ಏಕಾಯಿತು, ಗರ್ಭಾಶಯವನ್ನು ಯಾವ ದಿಕ್ಕಿನಲ್ಲಿ ಛೇದಿಸಲಾಗಿತ್ತು ಎಂಬುದು ಆಗ ತಿಳಿಯಬೇಕಾಗುವುದರಿಂದ, ಆಸ್ಪತ್ರೆಯ ಬಿಡುಗಡೆ ಪತ್ರವನ್ನು ಜೋಪಾನವಾಗಿ ತೆಗೆದಿಡತಕ್ಕದ್ದು.