ದಂತವೈದ್ಯನ ಕುರ್ಚಿಯೂ ಎಚ್.ಐ.ವಿ. ಭಯವೂ

ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಬಂದ ರೋಗಿಯು ತನಗೆ ಎಚ್.ಐ.ವಿ. ಸೋಂಕುಂಟೆಂದು ನಿಜವನ್ನು ನುಡಿದೊಡನೆ, ದಂತವೈದ್ಯನು ‘ಬೆಂಗಳೂರಿಗೆ ಹೋಗಿ’ ಎಂದುಬಿಟ್ಟರೆ ಆಗುವುದೇನು? ಮಾಲೂರಿನವರಿಗೆ ಬೆಂಗಳೂರು ಸಮೀಪವೇ. ಮುಳಬಾಗಿಲಿನ ಅಥವಾ ಶ್ರೀನಿವಾಸಪುರದ ಕೂಲಿಕಾರನಿಗೆ ಆ ಪ್ರಯಾಣದಲ್ಲಿ ಒಂದು ದಿನದ ದುಡಿಮೆ ಹೋಯಿತು. ಆತನು ಕೋಲಾರದ ಮತ್ತೊಬ್ಬ ವೈದ್ಯನೆದುರು ಬಾಯಿ ತೆರೆದಾನು, ನಿಜವನ್ನು ಮಾತ್ರ ನುಡಿಯಲಾರನು.

ವೈದ್ಯನ ಭಯವು ನಿರಾಧಾರವೇನೂ ಅಲ್ಲ. ಆತನ ಕೆಲಸದಲ್ಲಿ ರಕ್ತವೂ ಹರಿತವಾದ ಸಲಕರಣೆಗಳೂ ಸದಾ ಜೊತೆಗಿರುತ್ತವೆ. ಆದರೆ ಭಯಕ್ಕೂ ಒಂದು ಅಳತೆ ಬೇಡವೆ? ಎಚ್.ಐ.ವಿ. ಸೋಂಕುಳ್ಳ ರಕ್ತದ ಸೂಜಿಯು 1000 ಸಲ ಚುಚ್ಚಿದರೆ ಸೋಂಕು ಅಂಟುವುದು ಸುಮಾರು 3 ಸಲ. ಹೆಪಟೈಟಿಸ್-ಬಿ ವೈರಸ್ಸಾದರೋ, ಲಸಿಕೆ ಪಡೆಯದವರಲ್ಲಿ, 100ಕ್ಕೆ 6ರಿಂದ 30 ಸಲ ಅಂಟಬಲ್ಲದು! ಕ್ರಮವಾಗಿ ಔಷಧ ಸೇವಿಸುವ ರೋಗಿಯ ರಕ್ತದಲ್ಲಿ ಎಚ್.ಐ.ವಿ. ಪರೀಕ್ಷೆಗೂ ಸಿಗದಷ್ಟು ಕ್ಷೀಣಿಸಿರಬಹುದು. ಸೂಜಿ ಚುಚ್ಚಿಸಿಕೊಂಡ ವೈದ್ಯನಿಗೂ, 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸತಕ್ಕ ಪ್ರತಿಬಂಧಕ ಔಷಧವುಂಟು.

ಇದಲ್ಲದೆ, ಸೋಂಕು ತಗುಲಿದವರೆಲ್ಲರೂ ಅದನ್ನು ಅರಿತಿರುವುದಿಲ್ಲ. ಹೇಳಿದವನನ್ನು ಹೊರಗಟ್ಟಿದ ವೈದ್ಯನು ಅರಿಯದವನ ಹಲ್ಲನ್ನು ಅದೇ ಕುರ್ಚಿಯಲ್ಲಿ ಕಿತ್ತಿರಬಹುದು. ಆದುದರಿಂದಲೇ ಪ್ರತಿಯೊಬ್ಬರ ರಕ್ತವನ್ನೂ ಸೋಂಕುಳ್ಳದ್ದೆಂದೇ ಭಾವಿಸತಕ್ಕದ್ದೆಂಬ ನಿಯಮವು 1980ರ ದಶಕದಲ್ಲಿ ರೂಪುಗೊಂಡಿತು. ಕೈಗವಸು, ಮುಖಗವಸು, 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಹಬೆಯಲ್ಲಿ ಸಲಕರಣೆಗಳನ್ನು ಶುದ್ಧಿಗೊಳಿಸುವ ಆಟೋಕ್ಲೇವ್ — ಹೆಪಟೈಟಿಸ್ಸನ್ನು ತಡೆಯುವ ಇವೇ ಎಚ್.ಐ.ವಿ.ಯನ್ನೂ ತಡೆಯುತ್ತವೆ, ಬೇರೆ ಸಿದ್ಧತೆ ಬೇಕಿಲ್ಲ.

2018ರ ಸೆಪ್ಟೆಂಬರ್ 10ರಂದು ಭಾರತದಲ್ಲಿ ಜಾರಿಗೆ ಬಂದ ಕಾಯಿದೆಯು ಸೋಂಕಿನ ಕಾರಣದಿಂದ ಚಿಕಿತ್ಸೆಯನ್ನು ನಿರಾಕರಿಸುವುದನ್ನು ನಿಷೇಧಿಸಿದೆ. ಬಾಯಿಯೊಳಗೆ ಶಿಲೀಂಧ್ರದ ಬಿಳಿಯ ಪೊರೆ ಕಟ್ಟುವುದು ಈ ಸೋಂಕಿನ ಚಿಹ್ನೆಗಳಲ್ಲೊಂದು. ಅದನ್ನು ಮೊದಲು ಗುರುತಿಸಿ ಪರೀಕ್ಷೆಗೆ ಕಳುಹಿಸಬಲ್ಲವನು ಆ ದಂತವೈದ್ಯನೇ.