‘ಮೊನ್ನೆಯವರೆಗೂ ಹೀಗಿರಲಿಲ್ಲ, ಡಾಕ್ಟ್ರೇ’

ಡಿಮೆನ್ಷಿಯಾ ಇರುವ ಹಿರಿಯರನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಕರೆತಂದವರು ಎಮರ್ಜೆನ್ಸಿಯಲ್ಲಿ ಮೊದಲು ಹೇಳುವ ಮಾತು ಸಾಮಾನ್ಯವಾಗಿ ಒಂದೇ: ‘ಅಮ್ಮನಿಗೆ ಮರೆವಿನ ಕಾಯಿಲೆ ಇದೆ.’ ಮಾತು ನಿಜ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅಪಾಯ. ಆಕೆ ಬಡಬಡಿಸುವುದು, ಡ್ರಿಪ್ ಕಿತ್ತುಹಾಕುವುದು, ಹೆತ್ತ ಮಗಳ ಕೈಯನ್ನೇ ತಳ್ಳುವುದು ಎಲ್ಲವೂ ಹಳೆಯ ಕಾಯಿಲೆಯ ಲೆಕ್ಕಕ್ಕೆ ಸೇರಿಬಿಡುತ್ತವೆ. ಅದರ ಬೆನ್ನಿಗೇ ಇನ್ನೊಂದು ಮಾತು ಬರಬೇಕು: ‘ಮೊನ್ನೆಯವರೆಗೂ ಹೀಗಿರಲಿಲ್ಲ.’ ಯಾವ ಸ್ಕ್ಯಾನೂ ಕೊಡಲಾಗದ ಮಾಹಿತಿ ಅದು.

ಡಿಮೆನ್ಷಿಯಾ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಬಲಿಯುವ ಕಾಯಿಲೆ. ಒಂದೆರಡು ದಿನದಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ ಮನಸ್ಸು ಕದಡಿಹೋದರೆ ಅದು ಬೇರೆಯದೇ ಸ್ಥಿತಿ. ವೈದ್ಯರು ಅದನ್ನು ಡೆಲಿರಿಯಂ ಎನ್ನುತ್ತಾರೆ. ಜ್ವರ ನೆತ್ತಿಗೇರಿ ಬಡಬಡಿಸುವವರಿಗೆ ‘ಸನ್ನಿ ಹಿಡಿದಿದೆ’ ಎಂದು ಹಿಂದಿನವರು ಹೇಳುತ್ತಿದ್ದುದೂ ಬಹುಮಟ್ಟಿಗೆ ಇದನ್ನೇ. ಕೇಳಿದ ಪ್ರಶ್ನೆಯ ಮೇಲೆ ಗಮನ ನಿಲ್ಲುವುದಿಲ್ಲ. ಬೆಳಿಗ್ಗೆ ಮಾತಾಡಿಸಿದವರು ಸಂಜೆಯ ಹೊತ್ತಿಗೆ ಇನ್ಯಾರೋ ಆಗಿರುತ್ತಾರೆ. ಕೂಗಾಡುವವರು ಹೇಗೂ ಎಲ್ಲರ ಕಣ್ಣಿಗೆ ಬೀಳುತ್ತಾರೆ. ಮಂಕಾಗಿ, ಊಟ ಬಿಟ್ಟು, ಸುಮ್ಮನೆ ಮಲಗಿಬಿಡುವವರದೂ ಡೆಲಿರಿಯಮ್ಮೇ. ‘ಪಾಪ, ನಿದ್ದೆ ಮಾಡ್ತಿದ್ದಾರೆ’ ಎಂದು ನಾವೂ ಸುಮ್ಮನಾಗುತ್ತೇವೆ, ವಾರ್ಡಿನವರೂ ಸುಮ್ಮನಾಗುತ್ತಾರೆ. ನನಗೆ ಹೆಚ್ಚು ಭಯವಿರುವುದು ಇವರ ಬಗ್ಗೆಯೇ.

ಇದು ಹೇಗೆ ಆಗುತ್ತದೆ? ಗಮನಕ್ಕೂ ನೆನಪಿಗೂ ಬೇಕಾದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳು ಆಲ್ಝೈಮರ್‌ನಲ್ಲಿ ಕ್ಷೀಣಿಸುತ್ತವೆ. ಉಳಿದಷ್ಟರಲ್ಲೇ ಮಿದುಳು ಹೇಗೋ ದಿನ ದೂಡುತ್ತಿರುತ್ತದೆ, ಸಂಬಳ ಸಾಲದ ಮನೆ ತಿಂಗಳ ಕೊನೆಯನ್ನು ದಾಟಿಸುವ ಹಾಗೆ. ಆಗ ಮೈಯಲ್ಲಿ ಎಲ್ಲೋ ಒಂದು ಕಡೆ ಸೋಂಕು ತಗುಲುತ್ತದೆ. ಅದರಿಂದ ಹುಟ್ಟಿದ ಉರಿಯೂತದ ಸಂಕೇತಗಳು ಮಿದುಳನ್ನು ಮುಟ್ಟುತ್ತವೆ. ಮಿದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾ ಮೊದಲೇ ಕೆರಳಿ ಕೂತಿರುವುದರಿಂದ ಅಗತ್ಯಕ್ಕಿಂತ ಜೋರಾಗಿ ಪ್ರತಿಕ್ರಿಯಿಸುತ್ತವೆ. ಹಾಗಾಗಿ ಯುವಕರಲ್ಲಿ ಉರಿಮೂತ್ರವಾಗಿ ಕಾಣುವ ಸೋಂಕು ಈ ವಯಸ್ಸಿನಲ್ಲಿ ಗೊಂದಲವಾಗಿ ಕಾಣಬಹುದು, ಎಷ್ಟೋ ಸಲ ಜ್ವರವೂ ಇಲ್ಲದೆ.

ಮೂತ್ರದ ಸೋಂಕೊಂದೇ ಕಾರಣವಲ್ಲ. ನ್ಯುಮೋನಿಯಾ ಇರಬಹುದು, ನೀರು ಕುಡಿಯದೆ ಮೈ ಒಣಗಿರಬಹುದು, ನಾಲ್ಕು ದಿನದಿಂದ ಮಲ ಹೋಗಿಲ್ಲದಿರಬಹುದು, ಮೂತ್ರ ಕಟ್ಟಿರಬಹುದು. ಬಿದ್ದು ಸೊಂಟದ ಮೂಳೆ ಮುರಿದಿದ್ದರೂ ‘ನೋವು’ ಎನ್ನಲು ಆಕೆಗೆ ಮಾತು ಸಿಗದಿರಬಹುದು. ರಕ್ತದಲ್ಲಿ ಸೋಡಿಯಂ 135ರಿಂದ 145ರ ನಡುವೆ ಇರಬೇಕು. ಬಿಪಿಗೆ ಕೊಡುವ ಕೆಲವು ನೀರಿನ ಮಾತ್ರೆಗಳಿಂದ ಅದು ಕುಸಿಯುತ್ತದೆ, ಜೊತೆಗೆ ಪ್ರಜ್ಞೆಯೂ ಮಸುಕಾಗುತ್ತದೆ.

ಔಷಧಿಗಳ ವಿಷಯವನ್ನು ಬಿಡಿಸಿ ಹೇಳಲೇಬೇಕು. ನೆಗಡಿ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್, ಮೂತ್ರ ತಡೆಯಲಾಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಇವು ಅಸಿಟೈಲ್‌ಕೋಲಿನ್‌ನ ಕೆಲಸಕ್ಕೆ ಅಡ್ಡ ಬರುತ್ತವೆ. ಮರೆವಿಗೆಂದು ಕೊಡುವ ಡೊನೆಪೆಜಿಲ್ ಅದೇ ರಾಸಾಯನಿಕ ಬೇಗ ಕರಗದಂತೆ ಕಾಯುತ್ತದೆ. ಇಬ್ಬರು ವೈದ್ಯರು ಬೇರೆ ಬೇರೆ ಚೀಟಿಯಲ್ಲಿ ಬರೆದ ಈ ಎರಡೂ ಬಗೆಯ ಮಾತ್ರೆ ಒಂದೇ ಡಬ್ಬಿಯಲ್ಲಿರುವುದು ಅಪರೂಪವೇನಲ್ಲ. ಹಾಗಾಗಿ ಆಸ್ಪತ್ರೆಗೆ ಹೊರಡುವಾಗ ಮಾತ್ರೆಯ ಸ್ಟ್ರಿಪ್‌ಗಳನ್ನೆಲ್ಲ ಬಾಚಿಕೊಂಡು ಹೋಗಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೆಗಡಿ ಮಾತ್ರೆ, ನಿದ್ದೆ ಮಾತ್ರೆಯನ್ನೂ ಬಿಡದೆ. ಪಾರ್ಕಿನ್ಸನ್ ಅಥವಾ ಲೂಯಿ ಬಾಡಿ ಡಿಮೆನ್ಷಿಯಾ ಇದ್ದರೆ ಅದನ್ನು ಕೇಸ್ ಶೀಟಿನಲ್ಲಿ ಬರೆಸಲೇಬೇಕು. ರೋಗಿಯನ್ನು ಸಮಾಧಾನಪಡಿಸಲು ಕೊಡುವ ಹ್ಯಾಲೊಪೆರಿಡಾಲ್ ಅಂಥವರ ಜೀವಕ್ಕೇ ಎರವಾಗಬಲ್ಲದು.

ಡೆಲಿರಿಯಂ ಗುರುತಿಸಲು ಅಮೆರಿಕದ ವೈದ್ಯೆ ಶರಾನ್ ಇನೌಯೆ ಮತ್ತು ಸಂಗಡಿಗರು 1990ರಲ್ಲಿ ರೂಪಿಸಿದ ವಿಧಾನ ಇಂದಿಗೂ ಲೋಕದಾದ್ಯಂತ ಬಳಕೆಯಲ್ಲಿದೆ. ಅದರ ಮೊದಲ ಅಂಶವೇ ‘ಬದಲಾವಣೆ ದಿಢೀರನೆ ಬಂದದ್ದೇ?’ ಎಂಬುದು. ರೋಗಿ ಇದಕ್ಕೆ ಉತ್ತರಿಸಲಾರರು. ಡ್ಯೂಟಿ ಡಾಕ್ಟರ್ ಅವರನ್ನು ಹಿಂದೆ ನೋಡಿಯೇ ಇಲ್ಲ. ದಿನವೂ ಊಟ ಮಾಡಿಸಿ, ಸೀರೆ ಉಡಿಸಿ, ರಾತ್ರಿ ಎದ್ದು ಬಾತ್‌ರೂಮಿಗೆ ಕರೆದೊಯ್ದವರಿಗೆ ಮಾತ್ರ ಉತ್ತರ ಗೊತ್ತು. ಹಾಗಾಗಿ ಕೇಳಲಿ ಬಿಡಲಿ, ನೀವೇ ಹೇಳಿ: ಹೋದ ವಾರ ಅಮ್ಮ ಯಾರನ್ನೆಲ್ಲ ಗುರುತಿಸುತ್ತಿದ್ದರು, ತಾವಾಗಿ ನಡೆಯುತ್ತಿದ್ದರೇ, ಎಂದಿನಿಂದ ಬದಲಾದರು.

ಅದೇ ಇನೌಯೆ ತಂಡ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 70 ದಾಟಿದ 852 ರೋಗಿಗಳಿದ್ದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ ಕನ್ನಡಕ, ಕಿವಿಯ ಮಷಿನ್ ಹಾಕಿಸುವುದು, ನೀರು ಕುಡಿಸುವುದು, ನಡೆದಾಡಿಸುವುದು, ಇವತ್ತು ಯಾವ ದಿನ ಎಂದು ನೆನಪಿಸುವುದು, ಮಲಗುವಾಗ ನಿದ್ದೆ ಮಾತ್ರೆಯ ಬದಲು ಬಿಸಿ ಹಾಲು, ಬೆನ್ನು ನೀವುವುದು. ಮೊದಲ ಗುಂಪಿನಲ್ಲಿ ನೂರಕ್ಕೆ 15 ಮಂದಿಗೆ ಡೆಲಿರಿಯಂ ಬಂತು, ಎರಡನೆಯದರಲ್ಲಿ 10ಕ್ಕಿಂತ ತುಸು ಕಡಿಮೆ ಮಂದಿಗೆ. ಬಂದ ಮೇಲೆ ವಾಸಿ ಮಾಡುವುದಕ್ಕಿಂತ ಬಾರದಂತೆ ತಡೆಯುವುದರಲ್ಲೇ ಇದರ ಫಲ ಕಂಡದ್ದು. ಆದ್ದರಿಂದ ಮೊದಲ ದಿನದಿಂದಲೇ ಶುರು ಮಾಡಬೇಕು.

ಬ್ರಿಟನ್ನಿನಲ್ಲಿ ಇಂಥ ರೋಗಿಗಳ ಬಳಿ ಮನೆಯವರು ಉಳಿಯುವ ಹಕ್ಕಿಗಾಗಿ 2014ರಲ್ಲಿ ‘ಜಾನ್ಸ್ ಕ್ಯಾಂಪೇನ್’ ಎಂಬ ಆಂದೋಲನವನ್ನೇ ಕಟ್ಟಬೇಕಾಯಿತು. ನಮ್ಮ ವಾರ್ಡ್‌ಗಳಲ್ಲಿ ಅಟೆಂಡರ್ ಇರುವುದು ವಾಡಿಕೆ. ಔಷಧಿ ತರಲು, ಬಿಲ್ ಕಟ್ಟಲು ಓಡಾಡುವ ಕೈಯೆಂದಷ್ಟೇ ಅವರನ್ನು ಕಾಣುವುದು ನನಗೆ ನೋವಿನ ವಿಷಯ. ಐಸಿಯು ಬಾಗಿಲು ಮುಚ್ಚಿದ್ದರೂ ದಿನಕ್ಕೊಮ್ಮೆಯಾದರೂ ಒಳಗೆ ಬಿಡಿ, ಪರಿಚಿತ ಮುಖ ಕಂಡರೆ ಅವರು ಶಾಂತವಾಗುತ್ತಾರೆ ಎಂದು ಕೇಳಿಕೊಳ್ಳಲು ಹಿಂಜರಿಯಬೇಡಿ. ಕೈ ಕಟ್ಟಿಹಾಕಿದರೆ ಗಾಬರಿ ಹೆಚ್ಚುತ್ತದೆ. ನಾನೇ ಕೈ ಹಿಡಿದು ಕೂರುತ್ತೇನೆ ಎನ್ನಿ. ಮೂತ್ರದ ಟ್ಯೂಬ್ ಇನ್ನೂ ಬೇಕೇ ಎಂದು ದಿನವೂ ವಿಚಾರಿಸಿ.

‘ಮನೆಗೆ ಹೋಗ್ಬೇಕು, ಹಸುಗೆ ಹುಲ್ಲು ಹಾಕಿಲ್ಲ’ ಎಂದು ಅಮ್ಮ ಎದ್ದು ನಿಂತರೆ, ಹಸು ಮಾರಿ ಎಷ್ಟು ವರ್ಷವಾಯಿತೆಂದು ವಾದಿಸಿ ಪ್ರಯೋಜನವಿಲ್ಲ. ‘ಹುಲ್ಲು ಹಾಕಾಯ್ತಮ್ಮ, ನಾನಿಲ್ಲೇ ಇದ್ದೀನಿ’ ಎಂದರೆ ಆಕೆಯ ಆತಂಕಕ್ಕೆ ಉತ್ತರ ಸಿಗುತ್ತದೆ. ಇದನ್ನು ರಾತ್ರಿಯಿಡೀ ಹೇಳಬೇಕಾಗಬಹುದು. ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಅದು. ಅಣ್ಣ, ಅತ್ತಿಗೆ, ಮೊಮ್ಮಕ್ಕಳು ಪಾಳಿ ಹಂಚಿಕೊಳ್ಳಬೇಕು. ಹಗಲಿಡೀ ಕೂತವರು ರಾತ್ರಿ ಮನೆಗೆ ಹೋಗಿ ಮಲಗಬೇಕು. ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ ಏಳಕ್ಕೂ ಹೆಚ್ಚು ಮಂದಿಗೆ, ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿದೆ. ಅವರಲ್ಲಿ ಹೆಚ್ಚಿನವರನ್ನು ನೋಡಿಕೊಳ್ಳುತ್ತಿರುವುದು ಮನೆಯ ಹೆಣ್ಣುಮಕ್ಕಳು.

ಕಾರಣ ಸರಿಹೋದ ಕೂಡಲೇ ಮನಸ್ಸು ತಿಳಿಯಾಗಬೇಕೆಂದಿಲ್ಲ. ವಾರಗಳು ಹಿಡಿಯಬಹುದು, ಕೆಲವರು ಮೊದಲಿನ ಮಟ್ಟಕ್ಕೆ ಮರಳುವುದೇ ಇಲ್ಲ. ಹಾಗಾಗಿ ಡಿಸ್ಚಾರ್ಜ್ ದಿನವೇ ‘ಕಾಯಿಲೆ ಕೊನೆಯ ಹಂತಕ್ಕೆ ಬಂತು’ ಎಂದು ತೀರ್ಮಾನಿಸಬಾರದು. ನೆನಪಿನ ಪರೀಕ್ಷೆಯನ್ನು ಒಂದೆರಡು ತಿಂಗಳು ತಡೆದು ಮಾಡಿಸುವುದು ಒಳ್ಳೆಯದು. ಬಿಡುಗಡೆಯ ಹೊತ್ತಿನಲ್ಲಿ ಡಿಸ್ಚಾರ್ಜ್ ಸಮ್ಮರಿ ಹಿಡಿದು ವೈದ್ಯರನ್ನು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ವಾರ್ಡಿನಲ್ಲಿ ಗಲಾಟೆ ಅಡಗಿಸಲು, ನಿದ್ದೆ ಬರಿಸಲು ಶುರುಮಾಡಿದ ಮಾತ್ರೆ ಯಾವುದು, ಅದನ್ನು ಯಾವ ತಾರೀಖಿಗೆ ನಿಲ್ಲಿಸಬೇಕು? ಉತ್ತರವನ್ನು ಚೀಟಿಯ ಮೇಲೆಯೇ ಬರೆಸಿಕೊಳ್ಳಿ.