ಮಸ್ಕಿಯ ಬಂಡೆ ಮತ್ತು ಸಮತೆಯ ಅಳತೆಗೋಲು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ನಡುವೆ ಸಿಕ್ಕುವ ಊರು ಮಸ್ಕಿ. ಸಿಂಧನೂರಿನ ಕಡೆಗೆ ತುಂಗಭದ್ರೆಯ ಎಡದಂಡೆ ಕಾಲುವೆ ಹಸುರಾಗಿಸಿದ ಬತ್ತದ ಗದ್ದೆಗಳು. ಲಿಂಗಸುಗೂರಿನ ಕಡೆಗೆ ಹಟ್ಟಿಯ ಚಿನ್ನದ ಗಣಿ. ಅನ್ನಕ್ಕೂ ಹೊನ್ನಿಗೂ ನಡುವೆ ನಿಂತ ಈ ಊರಿನಲ್ಲಿ ಮೂರನೆಯದೊಂದು ಸಂಪತ್ತು ಉಂಟು.

1915ರಲ್ಲಿ, ಈ ಸೀಮೆ ನಿಜಾಮರ ರಾಜ್ಯಕ್ಕೆ ಸೇರಿದ್ದಾಗ, ಬೀಡನ್ ಎಂಬ ಗಣಿ ಎಂಜಿನಿಯರು ಚಿನ್ನವನ್ನು ಅರಸುತ್ತ ಇಲ್ಲಿಗೆ ಬಂದನು. ಅವನ ಕಣ್ಣಿಗೆ ಬಿದ್ದುದು ಬಂಡೆಯ ಮೇಲಿನ ಬ್ರಾಹ್ಮೀ ಅಕ್ಷರಗಳು. ಅದುವರೆಗೆ ದೊರೆತಿದ್ದ ಧರ್ಮಲಿಪಿಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದುವೇ ಹೊರತು ಅರಸನ ಹೆಸರಿರಲಿಲ್ಲ. ಮಸ್ಕಿಯ ಬಂಡೆ ‘ಅಶೋಕ’ ಎಂದು ಸ್ಪಷ್ಟವಾಗಿ ನುಡಿಯಿತು. ಹೊನ್ನನ್ನು ಅರಸಿ ಬಂದವನಿಗೆ ಹೆಸರು ಸಿಕ್ಕಿತು.

ಹೆಸರಿಗಿಂತಲೂ ಹಿರಿದಾದುದು ಆ ಬಂಡೆಯ ಮಾತು. ಧರ್ಮದಲ್ಲಿ ನಡೆದರೆ ಚಿಕ್ಕವನಿಗೂ ಉನ್ನತಿ ಸಾಧ್ಯ. ಅದು ದೊಡ್ಡವರಿಗೆ ಮಾತ್ರ ಮೀಸಲೆಂದು ಭಾವಿಸಲಾಗದು. ಈ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ಸಾರಬೇಕು ಎಂಬುದು ಅದರ ತಾತ್ಪರ್ಯ. ಸಮಾಜದ ಮುನ್ನಡೆಯನ್ನು ಅಳೆಯಲು ಇದಕ್ಕಿಂತ ನೇರವಾದ ಕೋಲು ಬೇರೆ ಬೇಕಿಲ್ಲ. ಹೈದರಾಬಾದ್ ಕರ್ನಾಟಕದ ಮಕ್ಕಳಿಗೆ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಿಗೆ ದಾರಿ ಮಾಡಿದ, 2012ರಲ್ಲಿ ಸಂಸತ್ತು ಒಪ್ಪಿದ ಸಂವಿಧಾನ ತಿದ್ದುಪಡಿಯ ಹಿಂದೆ ಇದ್ದುದೂ ಹಿಂದೆ ಬಿದ್ದವರಿಗೆ ಏಣಿ ಹಾಕುವ ಇದೇ ಭಾವನೆ.

ಆದರೆ ಏಣಿ ಹಾಕಲು ಹಣ ಬೇಕು. ಅಶೋಕ ಅದನ್ನು ಮೊದಲು ಕಡಿತಮಾಡಿದ್ದು ತನ್ನ ವಿನೋದದಿಂದಲೇ. ಹಿಂದಿನ ಅರಸರು ಬೇಟೆಯ ವಿಹಾರಯಾತ್ರೆಗೆ ಹೊರಡುತ್ತಿದ್ದರು. ತಾನು ಪಟ್ಟವೇರಿ ಹತ್ತು ವರ್ಷವಾದ ಮೇಲೆ ಧರ್ಮಯಾತ್ರೆಗೆ ಹೊರಟೆನೆಂದು ಅವನ ಎಂಟನೆಯ ಶಿಲಾಶಾಸನ ತಿಳಿಸುತ್ತದೆ. ಆ ಯಾತ್ರೆಯಲ್ಲಿ ವೃದ್ಧರಿಗೆ ಹೊನ್ನು ಹಂಚಿದನು, ಹಳ್ಳಿಗರನ್ನು ಕಂಡನು. ಆಟ ಬೇಡವೆಂದಲ್ಲ, ಆಟದ ಹಣ ಯಾರನ್ನು ಮುಟ್ಟುತ್ತದೆ ಎಂಬುದೇ ಪ್ರಶ್ನೆ.

ಇಂದಿನ ಕ್ರೀಡೆಗೂ ಈ ಪ್ರಶ್ನೆ ಸಲ್ಲುತ್ತದೆ. 2023ರಿಂದ 2027ರವರೆಗಿನ ಐಪಿಎಲ್ ಪಂದ್ಯಗಳ ಪ್ರಸಾರದ ಹಕ್ಕು 2022ರಲ್ಲಿ 48,390 ಕೋಟಿ ರೂಪಾಯಿಗೆ ಮಾರಾಟವಾಯಿತು. ಊರ ಜಾತ್ರೆಯಲ್ಲಿ ಕುಸ್ತಿ ಹಿಡಿಯುವ ಹುಡುಗನಿಗೂ, ಓಡಲು ಬಯಲೇ ಇಲ್ಲದ ಶಾಲೆಯ ಹುಡುಗಿಗೂ ಆ ಪ್ರವಾಹದ ಒಂದು ಹನಿಯಾದರೂ ತಲುಪದಿದ್ದರೆ, ಕಾಲುವೆಯ ಮೇಲ್ಭಾಗ ತೊಯ್ದು ಕೊನೆಯ ಭಾಗ ಒಣಗಿದಂತೆಯೇ ಸರಿ. ಎಡದಂಡೆಯ ಕೊನೆಯ ರೈತರಿಗೆ ಆ ನೋವನ್ನು ವಿವರಿಸಬೇಕಾಗಿಲ್ಲ.

ಹಣ ಹೆಚ್ಚಿದಲ್ಲಿ ತಕ್ಕಡಿ ವಾಲುವುದು ಸುಲಭ. ಕ್ರಿಕೆಟ್ ಮಂಡಳಿಯ ಆಡಳಿತಗಾರರೇ ತಂಡದ ಒಡೆತನ ಹೊಂದಲು ಎಡೆಮಾಡಿದ್ದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ 2015ರ ಜನವರಿ 22ರಂದು ರದ್ದುಮಾಡಿತು. ನಿಯಮ ಮಾಡುವವನೇ ಅದರಿಂದ ಲಾಭ ಪಡೆಯುವವನೂ ಆದರೆ ನಿಷ್ಪಕ್ಷಪಾತಕ್ಕೆ ನೆಲೆಯೆಲ್ಲಿ?

ಈ ನಿಷ್ಪಕ್ಷಪಾತವನ್ನು ಅಶೋಕ ನ್ಯಾಯಾಧಿಕಾರಿಗಳಿಂದಲೂ ಬಯಸಿದನು. ವಿನಾಕಾರಣ ಯಾರೂ ಸೆರೆ ಸೇರಬಾರದು. ಅಸೂಯೆ, ಕೋಪ, ಕ್ರೌರ್ಯ, ಆತುರ, ಆಲಸ್ಯಗಳು ನ್ಯಾಯದ ಶತ್ರುಗಳು ಎಂದು ಬರೆಸಿದ ಆ ಆಜ್ಞೆ ಮೊದಲು ಕಳಿಂಗದಲ್ಲಿ ದೊರೆಯಿತು. 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ, ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಶಿಲೆಯ ಮೇಲೆ ಅದು ಕಾಣಿಸಿಕೊಂಡಿತು. ಸ್ತಂಭಶಾಸನವೊಂದು ವ್ಯವಹಾರದಲ್ಲಿ ಸಮತೆ, ದಂಡದಲ್ಲಿ ಸಮತೆ ಇರಬೇಕೆಂದು ವಿಧಿಸಿ, ಮರಣದಂಡನೆಗೆ ಗುರಿಯಾದವನಿಗೂ ಮೂರು ದಿನಗಳ ಅವಧಿ ಕೊಡುತ್ತದೆ.

ಆತುರವೂ ಅನ್ಯಾಯ, ಆಲಸ್ಯವೂ ಅನ್ಯಾಯ. ಹೊಲದ ಗಡಿಯ ವ್ಯಾಜ್ಯಕ್ಕಾಗಿ ವರ್ಷಗಟ್ಟಲೆ ಬಸ್ಸು ಹತ್ತಿ ತಾಲ್ಲೂಕು ಕಚೇರಿಗೂ ನ್ಯಾಯಾಲಯಕ್ಕೂ ಅಲೆಯುವ ಸಂಸಾರಕ್ಕೆ ಈ ಸತ್ಯ ಚೆನ್ನಾಗಿ ಗೊತ್ತು. ತೀರ್ಪು ಯಾರ ಪರವಾಗಿ ಬಂದರೂ, ಕಾಯ್ದ ಕಾಲದ ಕಂದಾಯವನ್ನು ಬಡವನೇ ಹೆಚ್ಚು ತೆರುತ್ತಾನೆ.

ಹೀಗೆ ಏಣಿ, ಬೊಕ್ಕಸ, ತಕ್ಕಡಿ ಮೂರನ್ನೂ ಅಳೆಯುವ ಕೋಲು ಒಂದೇ: ಚಿಕ್ಕವನಿಗೂ ದೊಡ್ಡವನಿಗೂ ಸಮನಾದುದು. ಬಸ್ಸಿನಲ್ಲಿ ಮಸ್ಕಿಯನ್ನು ಹಾಯುವ ಪ್ರಯಾಣಿಕರು ಒಮ್ಮೆ ಇಳಿದು, ಮಕ್ಕಳ ಕೈ ಹಿಡಿದು ಆ ಬಂಡೆಯನ್ನು ತೋರಿಸಲಿ. ಅಲ್ಲಿನ ಅಕ್ಷರ ಅವರಿಗೆ ತಿಳಿಯದಿರಬಹುದು. ಅರ್ಥ ಹೇಳಿದರೆ ಸಾಕು.